ಓಡಿ, ಬಿಡಿ, ಎನ್‌ಬಿಎಂ: ನರ್ಸಿಂಗ್, ಪ್ಯಾರಾಮೆಡಿಕಲ್‌ಗೆ ಹೊಸದಾಗಿ ಸೇರಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಮೆಡಿಕಲ್ ಕಾಲೇಜು ಶುರುವಾದದ್ದು 1961ರಲ್ಲಿ. ರಾಯಚೂರಿಗೆ ರಿಮ್ಸ್ ಬಂದದ್ದು 2007ರಲ್ಲಿ, ಕೊಪ್ಪಳಕ್ಕೆ ಕಿಮ್ಸ್ ಬಂದದ್ದು 2015ರಲ್ಲಿ. ಈಗ ಈ ಮೂರೂ ಊರುಗಳಲ್ಲಿ ನರ್ಸಿಂಗ್, ಲ್ಯಾಬ್, ಓಟಿ ಟೆಕ್ನಿಷಿಯನ್ ಅಂತ ಓದುವ ಮಕ್ಕಳು ಕಾಣುತ್ತಾರೆ. ಪ್ರತಿ ವರ್ಷ ಹೊಸ ಬ್ಯಾಚ್ ಬರುತ್ತದೆ, ಅವೇ ಪ್ರಶ್ನೆಗಳು ಬರುತ್ತವೆ. ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದು ಈಗ ಪಾಠ ಹೇಳುತ್ತಿರುವ ನನಗೆ ಉತ್ತರಗಳೆಲ್ಲ ಬಾಯಿಪಾಠ ಆಗಿಬಿಟ್ಟಿವೆ. ಅವನ್ನೇ ಇಲ್ಲಿ ಬರೆದಿದ್ದೇನೆ. ಎಲ್ಲರೂ ಹೆದರುವುದು ಉದ್ದ ಪದಗಳಿಗೆ. ನಾನು ಕಂಡಂತೆ ಎಡವಟ್ಟಾಗುವುದು ಎರಡಕ್ಷರದ ಪದಗಳಲ್ಲಿ, ಮತ್ತೆ ರೋಗಿ ಹೇಳಿದ ಮಾತಿನಲ್ಲಿ.

ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಇವೆಲ್ಲ ನನ್ನ ತಲೆಗೆ ಹತ್ತುತ್ತವಾ?

ಹತ್ತುತ್ತವೆ. ಇವು ಇಂಗ್ಲಿಷ್ ಪದಗಳೇ ಅಲ್ಲ. ಹೆಚ್ಚಿನವು ಗ್ರೀಕ್, ಉಳಿದವು ಲ್ಯಾಟಿನ್. ಕಾನ್ವೆಂಟಿನಲ್ಲಿ ಓದಿದ ಹುಡುಗಿಗೂ ಮೊದಲ ದಿನ 'ಕೊಲೆಸಿಸ್ಟೆಕ್ಟಮಿ' ಗೊತ್ತಿರುವುದಿಲ್ಲ. ಅವಳೂ ನೀವೂ ಒಂದೇ ಗೆರೆಯಿಂದ ಓಟ ಶುರು ಮಾಡುತ್ತೀರಿ.

ಉದ್ದ ಪದ ಕಂಡರೆ ಎಲ್ಲಿಂದ ಬಿಡಿಸಬೇಕು?

ಬಾಲದಿಂದ. ಕನ್ನಡದಲ್ಲಿ ನಾವು ದಿನಾ ಮಾಡುವುದೂ ಇದನ್ನೇ ಅಲ್ವಾ? ಮನೆಗೆ, ಮನೆಯಿಂದ, ಮನೆಯಲ್ಲಿ. ಮನೆ ಒಂದೇ. ಬರುತ್ತಿದ್ದೇವೋ ಹೋಗುತ್ತಿದ್ದೇವೋ ಅಂತ ಹೇಳುವುದು ಕೊನೆಯ ತುಂಡು. ಇಲ್ಲೂ ಹಾಗೇ. 'ಗ್ಯಾಸ್ಟ್ರ' ಅಂದರೆ ಜಠರ. ಗ್ಯಾಸ್ಟ್ರೈಟಿಸ್ ಅಂದರೆ ಜಠರಕ್ಕೆ ಉರಿಯೂತ. ಗ್ಯಾಸ್ಟ್ರೆಕ್ಟಮಿ ಅಂದರೆ ಜಠರವನ್ನು ಕತ್ತರಿಸಿ ತೆಗೆಯುವುದು. ಗ್ಯಾಸ್ಟ್ರೋಸ್ಕೋಪಿ ಅಂದರೆ ಕೊಳವೆ ಇಳಿಸಿ ಒಳಗೆ ನೋಡುವುದು. ಜಠರ ಅಲ್ಲೇ ಇದೆ, ಬಾಲ ಬದಲಾಗಿದೆ.

ಈಗ ಕೊಲೆಸಿಸ್ಟೆಕ್ಟಮಿ ನೋಡಿ. ಬಾಲ 'ಎಕ್ಟಮಿ', ಅಂದರೆ ತೆಗೆಯುವುದು. ನಡುವೆ 'ಸಿಸ್ಟ್', ಅಂದರೆ ಚೀಲ. ಮೊದಲಿಗೆ 'ಕೊಲೆ', ಅಂದರೆ ಪಿತ್ತ. ಪಿತ್ತದ ಚೀಲ ತೆಗೆಯುವ ಆಪರೇಷನ್. ಕ್ಲಾಸಿನಲ್ಲಿ 'ಕೊಲೆ' ಅಂದ ಕೂಡಲೇ ಹಿಂದಿನ ಬೆಂಚು ನಗುತ್ತದೆ. ನಗಲಿ, ನಕ್ಕ ಪದ ಮರೆಯುವುದಿಲ್ಲ. ಆದರೆ ಬೋರ್ಡಿನ ಮೇಲೆ ಕನ್ನಡದಲ್ಲಿ ಆ ತುಂಡನ್ನಷ್ಟೇ ಬರೆದು ಹೋಗಬೇಡಿ. ರೋಗಿ ಕಡೆಯವರಿಗೂ ಓದಲು ಬರುತ್ತದೆ.

ಹೈಪರ್, ಹೈಪೋ ಯಾವಾಗಲೂ ಅದಲುಬದಲಾಗುತ್ತವೆ. ನೆನಪಿಡಲು ಏನಾದರೂ ಉಪಾಯ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ, ಉತ್ತರ ಸ್ವಲ್ಪ ಉದ್ದ ಆಗುತ್ತದೆ. ಗ್ರೀಕ್, ಲ್ಯಾಟಿನ್, ಸಂಸ್ಕೃತ ಮೂರೂ ಒಂದೇ ಮೂಲದ ಭಾಷೆಗಳು. ಸಂಸ್ಕೃತದಿಂದ ನಮ್ಮ ಕನ್ನಡಕ್ಕೆ ಬಂದ ಪದಗಳೋ ಲೆಕ್ಕವಿಲ್ಲ. ಹಾಗಾಗಿ ಈ ಗ್ರೀಕ್ ತುಂಡುಗಳ ಅಣ್ಣತಮ್ಮಂದಿರು ನಮ್ಮ ಮನೆಯಲ್ಲೇ ಇದ್ದಾರೆ.

'ಹೈಪರ್' ಅಂದರೆ ಸಂಸ್ಕೃತದ 'ಉಪರಿ', ಅಂದರೆ ಮೇಲೆ. ನಮ್ಮ 'ಉಪ್ಪರಿಗೆ' ಬಂದದ್ದು ಅದರಿಂದಲೇ. 'ಹೈಪೋ' ಅಂದರೆ 'ಉಪ'. ಉಪತಹಶೀಲ್ದಾರರು ತಹಶೀಲ್ದಾರರಿಗಿಂತ ಒಂದು ಮೆಟ್ಟಿಲು ಕೆಳಗೆ. ಹೈಪರ್ ಅಂದಾಗ ಉಪ್ಪರಿಗೆ, ಹೈಪೋ ಅಂದಾಗ ಉಪತಹಶೀಲ್ದಾರ್. ಇದಾದ ಮೇಲೆ ಯಾರೂ ತಪ್ಪಿದ್ದನ್ನು ನಾನು ಕಂಡಿಲ್ಲ.

'ಅ', 'ಅನ್' ಅಂದರೆ ಇಲ್ಲ. ಅನಾರೋಗ್ಯ ಅಂದರೆ ಆರೋಗ್ಯ ಇಲ್ಲ. ಅನೀಮಿಯಾ ಅಂದರೆ ಅಕ್ಷರಶಃ ರಕ್ತ ಇಲ್ಲ. ಮುಂದೆ ಸ್ವರ ಬಂದರೆ 'ಅನ್' ಆಗುವ ನಿಯಮ ಕೂಡ ಎರಡೂ ಕಡೆ ಒಂದೇ. 'ಡಿಸ್' ಅಂದರೆ ನಮ್ಮ 'ದುಸ್', 'ದುರ್'. ದುಸ್ಥಿತಿ, ದುರಾಸೆ ಇದ್ದ ಹಾಗೆ ಡಿಸ್ಪ್ನಿಯಾ, ಅಂದರೆ ಉಸಿರಾಟ ಕಷ್ಟ. 'ಪೆರಿ' ಅಂದರೆ 'ಪರಿ', ಸುತ್ತ. ಪರಿಸರ ನಮ್ಮ ಸುತ್ತ, ಪೆರಿಕಾರ್ಡಿಯಂ ಹೃದಯದ ಸುತ್ತ. ಆಸ್ಟಿಯೋ ಮತ್ತು ಅಸ್ಥಿ, ಡೆಂಟಲ್ ಮತ್ತು ದಂತ, ನೇಸಲ್ ಮತ್ತು ನಾಸಿಕ. ಎಲ್ಲ ನೆಂಟರೇ.

ಕೊನೆಗೊಂದು ಚೆಂದದ್ದು. 'ಆಜಾನುಬಾಹು' ಅಂತೀವಲ್ಲ, ತೋಳು ಮೊಣಕಾಲು ಮುಟ್ಟುವಷ್ಟು ಉದ್ದ ಇರುವವನು. ಆ 'ಜಾನು' ಲ್ಯಾಟಿನ್‌ನಲ್ಲಿ 'ಜೆನು'. ಜೆನು ವಾಲ್ಗಂ ಅಂದರೆ ಮೊಣಕಾಲು ಒಂದಕ್ಕೊಂದು ತಾಗುವುದು, ಜೆನು ವೇರಂ ಅಂದರೆ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗುವುದು.

'ಓಸಿಸ್', 'ಓಮ', 'ಐಟಿಸ್', ಈ ಬಾಲಗಳಲ್ಲಿ ಏನು ವ್ಯತ್ಯಾಸ?

'ಐಟಿಸ್' ಅಂದರೆ ಉರಿಯೂತ: ಕೆಂಪು, ಊತ, ನೋವು, ಬಿಸಿ. 'ಓಸಿಸ್' ಅಂದರೆ ಒಂದು ಸ್ಥಿತಿ, ಹೆಚ್ಚಾಗಿ ನಿಧಾನಕ್ಕೆ ಬೆಳೆದು ಉಳಿದುಬಿಡುವಂಥದ್ದು. ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಮಗು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಬಿಳಿ ಚುಕ್ಕೆ, ಆಮೇಲೆ ಕಂದು ಗೆರೆ. ಅದು ಡೆಂಟಲ್ ಫ್ಲೋರೋಸಿಸ್. ಮಟ್ಟ ಇನ್ನೂ ಜಾಸ್ತಿ ಇದ್ದರೆ ಮೂಳೆಗೆ ಇಳಿಯುತ್ತದೆ, ಬೆನ್ನು ಬಗ್ಗುವುದಿಲ್ಲ, ಮೊಣಕಾಲು ಸೊಟ್ಟಗಾಗುತ್ತದೆ. ಅದು ಸ್ಕೆಲಿಟಲ್ ಫ್ಲೋರೋಸಿಸ್. ಮೇಲೆ ಹೇಳಿದ ಜೆನು ವಾಲ್ಗಂ ಇಲ್ಲೂ ಬರುತ್ತದೆ. ಕಲ್ಲಿನ ಕ್ವಾರಿ, ಕ್ರಷರ್, ಗಣಿಯಲ್ಲಿ ದುಡಿದವರ ಪುಪ್ಪುಸಕ್ಕೆ ಸಿಲಿಕಾ ಧೂಳು ಸೇರಿ ಆಗುವುದು ಸಿಲಿಕೋಸಿಸ್. ಹಾಗಾಗಿ ಕೆಮ್ಮು ಅಂತ ಬಂದವರನ್ನು ಏನು ಕೆಲಸ ಮಾಡುತ್ತಿದ್ದಿರಿ ಅಂತಲೂ ಕೇಳಿ.

'ಓಮ' ಅಂದರೆ ಗಡ್ಡೆ. ಆದರೆ ಓಮ ಅಂದ ಕೂಡಲೇ ಕ್ಯಾನ್ಸರ್ ಅಲ್ಲ. ಲೈಪೋಮ ಬರೀ ಕೊಬ್ಬಿನ ಗಂಟು. ಹಿಮಟೋಮ ಅಂದರೆ ಪೆಟ್ಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟಿದ್ದು. ಗ್ಲಾಕೋಮ ಕಣ್ಣಿನ ಕಾಯಿಲೆ, ಅದರಲ್ಲಂತೂ ಗಡ್ಡೆಯೇ ಇಲ್ಲ.

ಇನ್ನೊಂದು ಜೋಡಿ: 'ಆಟಮಿ' ಅಂದರೆ ಕೊಯ್ದು ತೆರೆಯುವುದು, 'ಆಸ್ಟಮಿ' ಅಂದರೆ ಕೊಯ್ದು ಹೊರಕ್ಕೆ ಒಂದು ದಾರಿ ಮಾಡಿ ಹಾಗೇ ಬಿಡುವುದು. ಕೊಲಾಸ್ಟಮಿ, ಅಂದರೆ ದೊಡ್ಡ ಕರುಳಿಗೆ ಹೀಗೆ ದಾರಿ ಮಾಡಿದವರ ಹೊಟ್ಟೆಯ ಮೇಲೆ ಚೀಲ ಇರುತ್ತದೆ, ಅದೇ ಗುರುತು.

ಒಂದೇ ಅಂಗಕ್ಕೆ ಎರಡೆರಡು ಹೆಸರು ಯಾಕೆ?

ಒಂದು ಗ್ರೀಕ್, ಒಂದು ಲ್ಯಾಟಿನ್. ಕಿಡ್ನಿಗೆ 'ನೆಫ್ರೋ' ಮತ್ತು 'ರೀನಲ್', ಪುಪ್ಪುಸಕ್ಕೆ 'ನ್ಯೂಮೋ' ಮತ್ತು 'ಪಲ್ಮನರಿ', ಚರ್ಮಕ್ಕೆ 'ಡರ್ಮ' ಮತ್ತು 'ಕ್ಯುಟೇನಿಯಸ್'. ಜೋಡಿಯಾಗಿ ಬರೆದುಕೊಂಡು ಕಲಿಯಿರಿ, ಅಷ್ಟೇ.

ಕೇಸ್‌ಶೀಟಿನಲ್ಲಿ ಎರಡಕ್ಷರ, ಮೂರಕ್ಷರ ತುಂಬಿಕೊಂಡಿರುತ್ತವೆ. ಯಾವುದನ್ನು ಮೊದಲು ಕಲಿಯಲಿ?

ಔಷಧಿ ಹೊತ್ತು ಹೇಳುವವು. ಓಡಿ ಅಂದರೆ ದಿನಕ್ಕೆ 1 ಸಲ, ಬಿಡಿ ಅಂದರೆ 2 ಸಲ, ಟಿಡಿಎಸ್ 3, ಕ್ಯೂಐಡಿ 4. ಎಚ್‌ಎಸ್ ಮಲಗುವಾಗ. ಎಸಿ ಊಟಕ್ಕೆ ಮುಂಚೆ, ಪಿಸಿ ಊಟ ಆದ ಮೇಲೆ. ಎಸ್‌ಒಎಸ್ ಅಂದರೆ ಬೇಕಾದಾಗ ಮಾತ್ರ. ಸ್ಟಾಟ್ ಅಂದರೆ ಈಗಲೇ, ಕೈಯಲ್ಲಿದ್ದ ಕೆಲಸ ಬಿಟ್ಟು.

ನಮ್ಮ ಕಿವಿಗೆ ಇದರಲ್ಲೊಂದು ತಮಾಷೆ ಇದೆ. ಮೊದಲ ವಾರದಲ್ಲಿ ಸೀನಿಯರ್ "ಆರನೇ ಬೆಡ್ಡಿಗೆ ಆಂಟಿಬಯೋಟಿಕ್ ಬಿಡಿ" ಅಂದರೆ, ಬಿಟ್ಟೇಬಿಡುವವರು ಇದ್ದಾರೆ. ನಾನೂ ಒಮ್ಮೆ ಗಕ್ಕನೆ ನಿಂತಿದ್ದೆ. ಅದಕ್ಕೇ ಬಾಯಲ್ಲಿ ಹೇಳುವಾಗ "ದಿನಕ್ಕೆ ಎರಡು ಸಲ" ಅನ್ನಿ. ಚುಟುಕು ಅಕ್ಷರ ಕಾಗದಕ್ಕೆ ಮಾತ್ರ ಇರಲಿ.

ವಿಭಾಗ ಬದಲಾದರೆ ಅರ್ಥವೂ ಬದಲಾಗುತ್ತದೆ. ಕಣ್ಣಿನ ವಿಭಾಗದಲ್ಲಿ ಓಡಿ ಅಂದರೆ ಬಲಗಣ್ಣು, ಓಎಸ್ ಎಡಗಣ್ಣು, ಓಯು ಎರಡೂ ಕಣ್ಣು. ಓಪಿ ಅಂದರೆ ಚೀಟಿ ಮಾಡಿಸುವ ಹೊರರೋಗಿ ವಿಭಾಗ. ಎಮರ್ಜೆನ್ಸಿಯಲ್ಲಿ ಅದೇ ಓಪಿ ಅಂದರೆ ಆರ್ಗನೋಫಾಸ್ಫರಸ್, ಬೆಳೆಗೆ ಹೊಡೆಯುವ ಕ್ರಿಮಿನಾಶಕ. ಇಷ್ಟಕ್ಕೂ 'ಕಿಮ್ಸ್' ಅಂದರೆ ಕೊಪ್ಪಳದವರಿಗೆ ಕೊಪ್ಪಳದ್ದು. ಗದಗ ದಾಟಿದರೆ ಎಷ್ಟೋ ವರ್ಷ ಅದು ಹುಬ್ಬಳ್ಳಿಯದಾಗಿತ್ತು!

ಹೆರಿಗೆ ವಾರ್ಡಿನ ಜಿ2 ಪಿ1 ಎಲ್1 ಅಂದರೆ?

ಜಿ ಅಂದರೆ ಈಗಿನದ್ದೂ ಸೇರಿ ಎಷ್ಟನೇ ಬಸಿರು. ಪಿ ಅಂದರೆ ಹಿಂದೆ ಆದ ಹೆರಿಗೆ. ಎಲ್ ಅಂದರೆ ಬದುಕಿರುವ ಮಕ್ಕಳು. ಎ ಅಂದರೆ ಅಬಾರ್ಷನ್. ಇಲ್ಲಿ ಎಚ್ಚರ. ವೈದ್ಯಕೀಯದಲ್ಲಿ ತಾನಾಗಿ ಗರ್ಭ ಹೋದದ್ದೂ ಅಬಾರ್ಷನ್ನೇ. ಜನರ ಬಾಯಲ್ಲಿ ಅಬಾರ್ಷನ್ ಅಂದರೆ ತೆಗೆಸಿದ್ದು. ಅತ್ತೆ ಪಕ್ಕದಲ್ಲಿ ನಿಂತಿರುವಾಗ ಸೊಸೆಯನ್ನು "ಅಬಾರ್ಷನ್ ಆಗಿತ್ತಾ?" ಅಂತ ಕೇಳಿದರೆ ಸುಮ್ನೆ ಒಂದು ಮನೆಯ ಜಗಳ ಶುರುವಾಗುತ್ತದೆ. "ಹಿಂದೆ ಗರ್ಭ ನಿಲ್ಲದೆ ಹೋಗಿತ್ತೇನವ್ವ?" ಅಂತ ಕೇಳಿ, ಆದರೆ ಅವಳೊಬ್ಬಳೇ ಇದ್ದಾಗ.

ಹೇಗೆ ಬರೆಯಬಾರದು ಅನ್ನುವುದಕ್ಕೂ ಪಟ್ಟಿ ಇದೆಯಂತೆ?

ಇದೆ. ಅದರಲ್ಲಿ ಕೆಲವನ್ನು ಉರು ಹೊಡೆಯಿರಿ. ಯೂನಿಟ್ ಅನ್ನುವುದಕ್ಕೆ ಇಂಗ್ಲಿಷಿನ ಯು ಅಕ್ಷರ ಒಂದನ್ನೇ ಬರೆದರೆ ಅದು ಸೊನ್ನೆಯಂತೆ ಕಾಣುತ್ತದೆ. 10 ಯೂನಿಟ್ ಇನ್ಸುಲಿನ್ 100 ಆಗಿಬಿಡುತ್ತದೆ. 'ಯೂನಿಟ್' ಅಂತ ಪೂರ್ತಿ ಬರೆಯಿರಿ. 1.0 ಅಂತ ಬರೆಯಬೇಡಿ, ಚುಕ್ಕೆ ಅಳಿಸಿದರೆ 10. ಬರೀ .5 ಅಂತಲೂ ಬೇಡ, 0.5 ಅಂತ ಬರೆಯಿರಿ. ಹೆರಿಗೆ ವಾರ್ಡಿನಲ್ಲಿ ಫಿಟ್ಸ್‌ಗೆ ಕೊಡುವ ಮೆಗ್ನೀಷಿಯಂ ಸಲ್ಫೇಟ್, ನೋವಿಗೆ ಕೊಡುವ ಮಾರ್ಫಿನ್ ಸಲ್ಫೇಟ್, ಎರಡರ ಚುಟುಕು ರೂಪವೂ ಅವಸರದಲ್ಲಿ ಒಂದೇ ಥರ ಕಾಣುತ್ತದೆ. ಅವನ್ನೂ ಪೂರ್ತಿ ಬರೆಯಿರಿ.

ಎನ್‌ಬಿಎಂ ಬಗ್ಗೆ ನೀವು ಪ್ರತಿ ಬ್ಯಾಚಿಗೂ ಒಂದು ಕಥೆ ಹೇಳುತ್ತೀರಂತೆ?

ಹೌದು, ನನ್ನದೇ ತಪ್ಪಿನ ಕಥೆ. ಎನ್‌ಬಿಎಂ ಅಂದರೆ ಬಾಯಿಗೆ ಏನೂ ಕೊಡಬಾರದು. ಆಪರೇಷನ್‌ಗೆ ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ವಾಂತಿಯಾಗಿ ಉಸಿರುನಾಳಕ್ಕೆ ಇಳಿಯಬಾರದು ಅಂತ.

ಹರ್ನಿಯಾ ಆಪರೇಷನ್‌ಗೆ ಒಬ್ಬ ಅಜ್ಜ ಸೇರಿದ್ದರು. ರಾತ್ರಿಯೇ ಮಂಚಕ್ಕೆ ಎನ್‌ಬಿಎಂ ಅಂತ ಇಂಗ್ಲಿಷ್ ಅಕ್ಷರದ ಬೋರ್ಡು ನೇತುಹಾಕಿ, "ಅಜ್ಜಾರ, ನಾಳೆ ಮುಂಜಾನಿ ಊಟ ಮಾಡಬ್ಯಾಡ್ರಿ" ಅಂತ ಹೇಳಿ ಬಂದೆ. ಕೆಲಸ ಮುಗಿಯಿತು ಅಂದುಕೊಂಡೆ. ಬೆಳಿಗ್ಗೆ ಏಳೂವರೆಗೆ ಹೋಗಿ ನೋಡಿದರೆ ಅಜ್ಜನ ಮಡಿಲಲ್ಲಿ ಪೇಪರ್ ಪೊಟ್ಟಣ, ಅದರಲ್ಲಿ ಮಂಡಕ್ಕಿ ಒಗ್ಗರಣಿ, ಅರ್ಧ ಕಡಿದ ಮಿರ್ಚಿ. ಬೆರಳಿಗೆಲ್ಲ ಎಣ್ಣೆ. ಪಕ್ಕದಲ್ಲಿ ಚಹಾದ ಲೋಟ ಖಾಲಿ. ನಾನು ಕೂಗಾಡಿದೆ. ಅಜ್ಜ ಶಾಂತವಾಗಿ ಹೇಳಿದರು: "ಊಟ ಎಲ್ಲಿ ಮಾಡೀನವ್ವ? ನಾಷ್ಟಾ ಮಾಡೀನಿ."

ಅಜ್ಜ ಹೇಳಿದ್ದು ಸರಿಯೇ. ನಮ್ಮ ಕಡೆ ಊಟ ಅಂದರೆ ರೊಟ್ಟಿ, ಪಲ್ಯ, ಅನ್ನ, ಸಾರು. ಒಗ್ಗರಣಿ ಊಟ ಅಲ್ಲ, ಚಹಾ ಅಂತೂ ಲೆಕ್ಕಕ್ಕೇ ಇಲ್ಲ. ಅವತ್ತಿನ ಆಪರೇಷನ್ ಮುಂದಕ್ಕೆ ಹೋಯಿತು, ಜೊತೆಗೆ ಬಂದಿದ್ದ ಮಗನ ಒಂದು ದಿನದ ಕೂಲಿಯೂ ಹೋಯಿತು. ಅವತ್ತಿನಿಂದ ನಾನು ಒಂದೊಂದನ್ನೇ ಹೆಸರು ಹಿಡಿದು ಹೇಳುತ್ತೇನೆ: ಊಟ, ನಾಷ್ಟಾ, ಚಹಾ, ಬಿಸ್ಕೀಟು, ಹಾಲು, ಎಲೆ ಅಡಿಕೆ, ತಂಬಾಕು, ಯಾವುದೂ ಬೇಡ. ನೀರು ಯಾವಾಗಿನಿಂದ ಬೇಡ ಅಂತ ಡಾಕ್ಟರನ್ನು ಕೇಳಿ ಅದನ್ನೂ ಹೇಳುತ್ತೇನೆ. ರೋಗಿಗೆ ಮಾತ್ರ ಅಲ್ಲ, ಬುತ್ತಿ ತರುವವರಿಗೂ.

ರೋಗಿ ತನ್ನ ಮಾತಿನಲ್ಲಿ ಹೇಳಿದ್ದನ್ನು ವೈದ್ಯಕೀಯ ಪದಕ್ಕೆ ಹೇಗೆ ತಿರುಗಿಸಲಿ?

ತಕ್ಷಣ ತಿರುಗಿಸಬೇಡಿ. ಮೊದಲು ಅವರ ಮಾತನ್ನೇ ಬರೆದುಕೊಳ್ಳಿ, ಆಮೇಲೆ ಬಿಡಿಸಿ ಕೇಳಿ, ಕೊನೆಗೆ ಪದ ಹಾಕಿ. "ದಮ್ಮು ಬರ್ತದ" ಅಂದರೆ ಸಾಮಾನ್ಯವಾಗಿ ಡಿಸ್ಪ್ನಿಯಾ, ಆದರೆ ಕೆಲವರು ಆಸ್ತಮಾ ಕಾಯಿಲೆಗೇ ದಮ್ಮು ಅನ್ನುತ್ತಾರೆ. "ಚಕ್ಕರ್ ಬಂತು" ಅಂದರೆ ಸುತ್ತಲಿನದೆಲ್ಲ ತಿರುಗಿತಾ, ಕಣ್ಣು ಕತ್ತಲೆ ಬಂತಾ ಅಂತ ಕೇಳಿ. ಮೊದಲನೆಯದು ವರ್ಟೈಗೊ, ಎರಡನೆಯದು ಬಿಪಿ ಇಳಿದದ್ದಿರಬಹುದು. "ಬ್ಯಾನಿ" ಅಂತ ತುಂಬು ಬಸುರಿ ಹೇಳಿದರೆ ಹೆರಿಗೆ ನೋವು, ಬೇರೆಯವರು ಹೇಳಿದರೆ ಯಾವ ಜಡ್ಡೂ ಇರಬಹುದು. "ಲಕ್ವಾ ಹೊಡೀತು" ಅಂದರೆ ಸ್ಟ್ರೋಕ್ ಇರಬಹುದು. ಎಷ್ಟು ಗಂಟೆಗೆ ಶುರುವಾಯಿತು ಅಂತ ಮೊದಲು ಕೇಳಿ, ಚಿಕಿತ್ಸೆ ನಿಂತಿರುವುದೇ ಆ ಗಂಟೆಯ ಮೇಲೆ. "ಉಷ್ಣ ಆಗ್ಯಾದ" ಅಂದರೆ ಬಾಯಿಹುಣ್ಣೂ ಆಗಬಹುದು, ಉರಿಮೂತ್ರವೂ ಆಗಬಹುದು. ಎಲ್ಲಿ ಅಂತ ಕೇಳದೆ ಬರೆಯಬೇಡಿ.

ಎಲ್ಲಕ್ಕಿಂತ ಮೋಸದ ಪದ 'ಗ್ಯಾಸ್ಟ್ರಿಕ್'. ಪುಸ್ತಕದಲ್ಲಿ ಅದರ ಅರ್ಥ ಜಠರಕ್ಕೆ ಸೇರಿದ್ದು. ಜನರಿಗೆ ಎದೆಯಿಂದ ಹೊಕ್ಕುಳವರೆಗಿನ ಎಲ್ಲ ತೊಂದರೆಯೂ ಗ್ಯಾಸ್ಟ್ರಿಕ್. "ಗ್ಯಾಸ್ಟ್ರಿಕ್ ಆಗಿ ಎದಿ ಹಿಡದಂಗ ಆಗೈತ್ರಿ, ಸೋಡಾ ಕುಡದ್ರೂ ಕಡಿಮಿ ಆಗವಲ್ದು" ಅಂತ ಬೆವರು ಸುರಿಸುತ್ತಾ ಬಂದವರ ಚೀಟಿಯಲ್ಲಿ ನೀವೂ ಗ್ಯಾಸ್ಟ್ರಿಕ್ ಅಂತ ಬರೆದರೆ ಅವರು ಸಾಲಿನ ಕೊನೆಗೆ ಹೋಗುತ್ತಾರೆ. 'ಎದೆ ಹಿಡಿದಂತೆ, ಬೆವರು' ಅಂತ ಬರೆದರೆ ಇಸಿಜಿಗೆ ಹೋಗುತ್ತಾರೆ.

ಬಳ್ಳಾರಿ, ರಾಯಚೂರಿನಲ್ಲಿ ತೆಲುಗು, ಉರ್ದು ಮಾತಾಡುವವರೂ ಬರುತ್ತಾರಲ್ಲ?

ಬರುತ್ತಾರೆ. ನೊಪ್ಪಿ, ದರ್ದ್ ಅಂದರೆ ನೋವು, ಬುಖಾರ್ ಅಂದರೆ ಜ್ವರ, ಇವನ್ನು ಒಂದು ವಾರದಲ್ಲಿ ಕಲಿಯುತ್ತೀರಿ. ಕಷ್ಟ ಇರುವುದು ನಮ್ಮ ಪದದಂತೆ ಕೇಳಿಸುವುದರಲ್ಲಿ. ತೆಲುಗಿನವರು "ಆಯಾಸಂ" ಅಂದರೆ ನಾವು ಸುಸ್ತು ಅಂದುಕೊಳ್ಳುತ್ತೇವೆ. ತೆಲುಗಿನಲ್ಲಿ ಅದು ಏದುಸಿರು. ಸುಸ್ತು ಅಂತ ಕೂರಿಸಿದರೆ, ಆಕ್ಸಿಜನ್ ಬೇಕಾದವರು ಬೆಂಚಿನ ಮೇಲೆ ಕಾಯುತ್ತಿರುತ್ತಾರೆ.

ರಿಪೋರ್ಟ್ 'ನೆಗೆಟಿವ್' ಅಂದರೆ ಮನೆಯವರು ಅಳುತ್ತಾರೆ. ಏನು ಹೇಳಲಿ?

"ಹುಡುಕಿದ್ದು ಸಿಗಲಿಲ್ಲ" ಅನ್ನಿ. ಪಾಸಿಟಿವ್ ಅಂದರೆ ಸಿಕ್ಕಿತು ಅಂತ. 'ಅಕ್ಯೂಟ್' ಕೂಡ ಹೀಗೇ. ಅದರ ಅರ್ಥ ಜೋರು ಅಂತಲ್ಲ, ಇದ್ದಕ್ಕಿದ್ದಂತೆ ಶುರುವಾದದ್ದು ಅಂತ. 'ಕ್ರಾನಿಕ್' ಅಂದರೆ ಬಹಳ ದಿನದಿಂದ ಇರುವುದು.

ಕೇಳಲು ಒಂದೇ ಥರ ಇರುವ ಪದಗಳಲ್ಲಿ ಯಾವುದಕ್ಕೆ ಹುಷಾರಾಗಿರಬೇಕು?

ಡಿಸ್ಫೇಜಿಯಾ ಅಂದರೆ ನುಂಗಲು ಕಷ್ಟ, ಡಿಸ್ಫೇಸಿಯಾ ಅಂದರೆ ಮಾತಾಡಲು ಕಷ್ಟ. ಯುರೇಟರ್ ಕಿಡ್ನಿಯಿಂದ ಮೂತ್ರಕೋಶಕ್ಕೆ, ಯುರೇತ್ರಾ ಮೂತ್ರಕೋಶದಿಂದ ಹೊರಕ್ಕೆ. ರಕ್ತ ವಾಂತಿಯಲ್ಲಿ ಬಂದರೆ ಹಿಮಟೆಮಿಸಿಸ್, ಕೆಮ್ಮಿದಾಗ ಬಂದರೆ ಹಿಮಾಪ್ಟಿಸಿಸ್. ಇಲಿಯಂ ಅಂತ ಎರಡಿವೆ, ಒಂದು ಸಣ್ಣ ಕರುಳಿನ ಕೊನೆಯ ಭಾಗ, ಇನ್ನೊಂದು ಸೊಂಟದ ಮೂಳೆ. ಇಂಗ್ಲಿಷಿನಲ್ಲಿ ಒಂದಕ್ಕೆ ನಡುವೆ ಇ, ಇನ್ನೊಂದಕ್ಕೆ ಐ. ಕನ್ನಡದಲ್ಲಿ ನೋಟ್ಸ್ ಬರೆಯುವವರು ಪಕ್ಕದಲ್ಲಿ 'ಕರುಳು', 'ಮೂಳೆ' ಅಂತ ಗುರುತು ಹಾಕಿಕೊಳ್ಳಿ.

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಪೋಸ್ಟಿಂಗ್ ಬಂದರೆ ಯಾವ ಪದಗಳು ಗೊತ್ತಿರಬೇಕು?

ಅದು ಭತ್ತದ ಸೀಮೆ. ಕ್ರಿಮಿನಾಶಕ, ಹಾವು ಎರಡೂ ಇವೆ. ಓಪಿ ವಿಷದಲ್ಲಿ ಜೊಲ್ಲು ಸುರಿಯುತ್ತದೆ, ಕಣ್ಣೀರು ಬರುತ್ತದೆ, ನಾಡಿ ನಿಧಾನ ಆಗಬಹುದು, ಅಂದರೆ ಬ್ರಾಡಿಕಾರ್ಡಿಯಾ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಅದು ಮೈಯೋಸಿಸ್. ಈ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್, ಅದನ್ನು ಕೊಟ್ಟ ಮೇಲೆ ಪಾಪೆ ಹಿಗ್ಗುತ್ತದೆ, ಅದು ಮಿಡ್ರಿಯಾಸಿಸ್. ಚಿಕ್ಕ ಪದಕ್ಕೆ ಚಿಕ್ಕ ಪಾಪೆ, ದೊಡ್ಡ ಪದಕ್ಕೆ ದೊಡ್ಡ ಪಾಪೆ.

ನಾಗರಹಾವು, ಕಟ್ಟುಹಾವಿನ ವಿಷ ನರಕ್ಕೆ ಹೋಗುತ್ತದೆ, ರೆಪ್ಪೆ ಜೋಲುತ್ತದೆ. ಅದು ಟೋಸಿಸ್. ಕೊಳಕುಮಂಡಲ, ಗರಗಸ ಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಒಸಡಿನಲ್ಲಿ ರಕ್ತ, ಮೂತ್ರದಲ್ಲಿ ರಕ್ತ, ಅಂದರೆ ಹಿಮಟೂರಿಯಾ. ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ನೋಡುವ ಟೆಸ್ಟ್ ಇದಕ್ಕೇ. ಎಎಸ್‌ವಿ ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು.

ರಾಯಚೂರಿನ ಬೇಸಿಗೆಯಲ್ಲಿ ಬಿಸಿಲು ಬಡಿದು ಬಂದವರಿಗೂ 'ಜ್ವರ' ಅಂತಲೇ ಬರೆಯಬಹುದಾ?

ಬೇಡ. ಜ್ವರ ಅಂದರೆ ಪೈರೆಕ್ಸಿಯಾ, ಅದರಲ್ಲಿ ದೇಹವೇ ತನ್ನ ಬಿಸಿ ಏರಿಸಿಕೊಳ್ಳುತ್ತದೆ. ಬಿಸಿಲಿಗೆ ಬಿದ್ದವರದು ಹೈಪರ್‌ಥರ್ಮಿಯಾ, ಅದರಲ್ಲಿ ಬಿಸಿ ಹೊರಗೆ ಹೋಗಲು ದಾರಿ ಸಾಲದೆ ಒಳಗೇ ಏರುತ್ತದೆ. ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್ ದಾಟಿ, ಮಾತು ತೊದಲುತ್ತಿದ್ದರೆ ಅದು ಹೀಟ್ ಸ್ಟ್ರೋಕ್. ಅದಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ, ಮೈ ತಣ್ಣಗೆ ಮಾಡಬೇಕು. ಪದ ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ.

ವೈಟಲ್ಸ್‌ನಲ್ಲಿ ನೆನಪಿರಬೇಕಾದ ಅಂಕಿ?

ದೊಡ್ಡವರಿಗೆ ನಾಡಿ ನಿಮಿಷಕ್ಕೆ 60ರಿಂದ 100. ಮೇಲೆ ಹೋದರೆ ಟ್ಯಾಕಿಕಾರ್ಡಿಯಾ, ಕೆಳಗಿಳಿದರೆ ಬ್ರಾಡಿಕಾರ್ಡಿಯಾ. ಉಸಿರು 12ರಿಂದ 20. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ ಹೈಪೋಗ್ಲೈಸೀಮಿಯಾ. ಉಪತಹಶೀಲ್ದಾರ್ ನೆನಪಿದ್ದಾರಲ್ಲ?

ಫೋನಿನಲ್ಲಿ ಡಾಕ್ಟರ್ ಹೇಳಿದ ಪದ ಅರ್ಥ ಆಗದಿದ್ದರೆ, ಮತ್ತೆ ಕೇಳಿದರೆ ಬೈಯುವುದಿಲ್ವಾ?

ಒಬ್ಬಿಬ್ಬರು ಬೈಯಬಹುದು. ಬೈಸಿಕೊಳ್ಳಿ. "ಸರ್, ಇನ್ನೊಮ್ಮೆ ಹೇಳಿ" ಅನ್ನಿ, ಬರೆದುಕೊಳ್ಳಿ, ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ಹೌದು ಅಂದ ಮೇಲೆ ಫೋನ್ ಇಡಿ. ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. "ಒನ್ ಫೈವ್ ಹದಿನೈದಾ ಸರ್, ಫೈವ್ ಝೀರೋ ಐವತ್ತಾ?" ಅಂತ ಕೇಳಿ.